ರನ್‌ವೇ ಪಕ್ಕದ ಗದ್ದುಗೆ

ಸರ್ವಮಂಗಳಕ್ಕನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಬರೆಯುವವರು ಬೇರೆ ಯಾರೂ ಇಲ್ಲ. ಮಗ ರುದ್ರೇಶ್ ಚಿಲಮತ್ತೂರಿನ ಹೈವೇ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಅವನು ಈಚೆಗೆ ಬರೆದದ್ದೆಂದರೆ ಹಳೇ ಟೈರಿನ ಮೇಲೆ ಸುಣ್ಣದಲ್ಲಿ ಬರೆದ ಫೋನ್ ನಂಬರ್ ಒಂದೇ. ಮಗಳು ಚಂದ್ರಕಲಾ ಕಲ್ಯಾಣದುರ್ಗಕ್ಕೆ ಸೊಸೆಯಾಗಿ ಹೋದವಳು. ಅವಳು ಬರೆಯಬಲ್ಲಳು, ಆದರೆ ಬರೆದರೆ ನನ್ನ ಹೆಸರನ್ನೂ ಬರೆಯಬೇಕಾಗುತ್ತದೆ, ಅದು ಅವಳಿಗೆ ಬೇಡ. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ನಾನು ವೆಂಕಟರಾಯಪ್ಪ, ಮಂಡಲ ಸರ್ವೇಯರ್ ಆಗಿ ಮೂವತ್ತೊಂದು ವರ್ಷ ಜನರ ಹೊಲಗಳಲ್ಲಿ ಸರಪಳಿ ಎಳೆದು ರಿಟೈರಾದವನು. ಅಳತೆ ತಪ್ಪದ ಮನುಷ್ಯ ಅಂತ ಹಿಂದೂಪುರದಿಂದ ಸೋಮಂದೇಪಲ್ಲಿಯವರೆಗೂ ನನಗೆ ಹೆಸರಿತ್ತು.

ನಮ್ಮೂರು ನಲ್ಲಗುಂಟಪಲ್ಲಿ, ಗಡಿಯಾಚೆ ತೆಲುಗು ಸರ್ಕಾರದ ಕೆಳಗಿರುವ ಕನ್ನಡದ ಊರು. ಸುತ್ತಮುತ್ತ ಎಲ್ಲ ಕೆಂಪು ನೆಲ. ನಮ್ಮ ಕೆರೆಯ ಕೆಳಗಿನ ಮುನ್ನೂರು ಎಕರೆ ಮಾತ್ರ ಕಪ್ಪು ಎರೆ. ಆ ಎರೆಮಣ್ಣು ಕಾಲಿಗೆ ಹತ್ತಿದರೆ ಮನೆಗೆ ಬಂದು ಕಲ್ಲಿನಲ್ಲಿ ಉಜ್ಜಿದರೂ ಬಿಡುತ್ತಿರಲಿಲ್ಲ. ಈಗ ಆ ಮುನ್ನೂರು ಎಕರೆಯೂ ಅದರ ಆಚೆಯ ಕೆಂಪು ನೆಲವೂ ಸೇರಿ ವಿಮಾನ ನಿಲ್ದಾಣವಾಗಿದೆ. ವಾರಕ್ಕೆ ಮೂರು ದಿನ, ರೆಕ್ಕೆಗೆ ಫ್ಯಾನಿರುವ ಒಂದು ಸಣ್ಣ ವಿಮಾನ ಬರುತ್ತದೆ. ಇಳಿಯುವವರಿಗಿಂತ ಕಾಯುವ ಪೊಲೀಸರೇ ಜಾಸ್ತಿ. ಹೊಲ ಹೋಯಿತು, ಊರು ಹತ್ತಡಿ ಗೋಡೆಗೆ ಅಂಟಿಕೊಂಡು ಉಳಿಯಿತು. ನನ್ನ ಎರಡು ಎಕರೆ ಗೋಡೆಯ ಹೊರಗುಳಿದು ತಪ್ಪಿಸಿಕೊಂಡಿತು. ಅದನ್ನು ನಾನೇ ತಪ್ಪಿಸಿದೆ ಅಂತ ಊರವರು ಆಡಿಕೊಂಡರು. ಅದು ಸುಳ್ಳು. ನಾನು ಮಾಡಿದ್ದು ಬೇರೆ, ಅದು ಯಾರ ಬಾಯಿಗೂ ಬರಲಿಲ್ಲ.

ಸರ್ವಮಂಗಳಕ್ಕ ನನಗಿಂತ ಆರೇಳು ವರ್ಷಕ್ಕೆ ದೊಡ್ಡವಳು. ಎತ್ತರದ ಆಳು, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಿ ಮಾತ್ರ ಬಲು ಜೋರು. ನಾನು ಹೊಸದಾಗಿ ನೌಕರಿಗೆ ಸೇರಿದಾಗ ಅವರ ಬದುವಿನ ತಕರಾರಿಗೆ ಅಳೆಯಲು ಹೋಗಿದ್ದೆ. ಒಂದೇ ಬದುವನ್ನು ಮೂರು ಸಲ ಅಳೆಸಿದಳು. ಮೂರು ಸಲವೂ ಅಷ್ಟೇ ಬಂದ ಮೇಲೆ, "ಪರವಾಗಿಲ್ಲ ಕಣಪ್ಪ, ಸರ್ಕಾರ ಒಬ್ಬ ನೆಟ್ಟಗಿರೋನ್ನ ಕಳಿಸೈತೆ" ಅಂದು ಬೆಲ್ಲದ ಪಾನಕ ಕೊಟ್ಟಳು.

ಗಂಡ ಸೋಮಶೇಖರಪ್ಪ ಇವಳಿಗೆ ತದ್ವಿರುದ್ಧ. ಹಿಂದೂಪುರದ ಮಂಡಿಯಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಿದ್ದ ಸಾಧು ಮನುಷ್ಯ. ಇವಳು ಹತ್ತು ಮಾತಾಡಿದರೆ ಅವರು ಒಂದಾಡುವರು, ಆ ಒಂದಕ್ಕೆ ಇವಳು ತೆಪ್ಪಗಾಗುವಳು. ಎರಡು ಸಾವಿರದ ಹನ್ನೊಂದರಲ್ಲಿ ಅವರು ತೀರಿಕೊಂಡರು. ಅವರ ಜನದ ಪದ್ಧತಿಯಂತೆ ಸ್ವಂತ ಹೊಲದಲ್ಲೇ, ಜೋಡಿ ಹುಣಸೆಮರದ ಕೆಳಗೆ, ಗುಂಡಿಯಲ್ಲಿ ಕೂರಿಸಿ ಸಮಾಧಿ ಮಾಡಿದರು. ನಾನೂ ಬಿಲ್ವಪತ್ರೆ ಬುಟ್ಟಿ ಹಿಡಿದು ನಿಂತಿದ್ದೆ. ಮಣ್ಣು ಮುಚ್ಚಿ ಮೇಲೆ ಗದ್ದುಗೆ ಕಟ್ಟೆ ಎಬ್ಬಿಸಿ ಎಲ್ಲರೂ ಹೊರಡುವಾಗ ಸರ್ವಮಂಗಳಕ್ಕ ಹಿಂದಕ್ಕೆ ಹೋದಳು. ಗದ್ದುಗೆಯ ಎಡಕ್ಕೆ ಎರಡು ಹೆಜ್ಜೆ ಹಾಕಿ ಒಂದು ಕಲ್ಲಿಟ್ಟಳು.

"ಇದು ನಂದು. ಯಾರೂ ಇಲ್ಲಿ ಉಳಬೇಡಿ" ಅಂದಳು.

ಅವರ ಮನೆತನದಲ್ಲಿ ಇನ್ನೊಂದು ಪದ್ಧತಿ ಇತ್ತು. ಗಂಡಹೆಂಡಿರಲ್ಲಿ ಆಮೇಲೆ ಹೋದವರ ಗುಂಡಿಗೆ ಮೊದಲು ಹೋದವರ ಗದ್ದುಗೆಯ ಒಂದು ಹಿಡಿ ಮಣ್ಣು ಹಾಕಬೇಕು. ಆ ಹಿಡಿ ಮಣ್ಣು ಬೀಳದೆ ಗುಂಡಿ ಮುಚ್ಚುವ ಹಾಗಿಲ್ಲ. ಅಮಾವಾಸ್ಯೆ ಅಮಾವಾಸ್ಯೆಗೆ ಅವಳು ಗದ್ದುಗೆಗೆ ವಿಭೂತಿ ಹಚ್ಚಿ, ತನ್ನ ಕಲ್ಲಿನ ಮೇಲೆ ಕೂತು ಗಂಡನಿಗೆ ಊರ ಸುದ್ದಿ ಹೇಳಿ ಬರುತ್ತಿದ್ದಳು. ಬದುಕಿದ್ದಾಗ ಕೇಳದಿದ್ದ ಸುದ್ದಿಯನ್ನೆಲ್ಲ ಈಗ ಕೂತು ಕೇಳ್ತಾರೆ ಅಂತ ನಗುತ್ತಿದ್ದಳು.

ಎರಡು ಸಾವಿರದ ಹದಿನಾರರಲ್ಲಿ ವಿಮಾನ ನಿಲ್ದಾಣದ ಆರ್ಡರ್ ಬಂತು. ಯಾವ ಹೊಲದಲ್ಲಿ ಏನೇನಿದೆ ಅಂತ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ತೆಲುಗಿನ ಫಾರಂ. ಮರಗಳು, ಬಾವಿಗಳು, ಕೊಟ್ಟಿಗೆ, ತಿಪ್ಪೆಗುಂಡಿ, ಕೊನೆಯಲ್ಲಿ ಸಮಾಧಿಗಳು. ಸರ್ವಮಂಗಳಕ್ಕನ ಹೊಲದ ಬದುವಿನ ಮೇಲೆ ಕೂತು ಬರೆಯುತ್ತಾ ಹೋದೆ. ಹುಣಸೆ ಎರಡು, ಬೇವು ಒಂದು, ಬಾವಿ ಒಂದು, ತಿಪ್ಪೆಗುಂಡಿ ಒಂದು.

"ಸಮಾಧಿ ಒಂದು ಅಂತ ಹಾಕ್ಲಾ ಅಕ್ಕ?" ಅಂದೆ.

ಅವಳಿಗೆ ಸಿಟ್ಟು ಬಂತು. "ಅವರನ್ನ ತಿಪ್ಪೆಗುಂಡಿ ಪಕ್ಕದಾಗೆ ಬರೀತೀಯೇನಪ್ಪ? ಹುಣಸೆಮರಕ್ಕೆ ಇಷ್ಟು, ತಿಪ್ಪೆಗೆ ಇಷ್ಟು, ನನ್ನ ಗಂಡನ್ಗೆ ಇಷ್ಟು ಅಂತ ರೇಟ್ ಕಟ್ತೀಯಾ?"

"ಅದಕ್ಕಲ್ಲ ಅಕ್ಕ..."

"ಬರೀಬೇಡ. ಹೊಲ ತಗಳ್ಳಿ, ಮರ ತಗಳ್ಳಿ. ಅವ್ರನ್ನ ನಾನು ಮಾರಿಲ್ಲ. ಪಟ್ಟಿಗೆ ಸೇರಿಲ್ಲ ಅಂದ್ರೆ ಅದು ನಮ್ದೇ ಅಲ್ವಾ? ಪೋತಪ್ಪ ಹೊಲ ಮಾರ್ದಾಗ ಅವರಪ್ಪನ ಗದ್ದುಗೆ ಏನಾಯ್ತು? ತಗಂಡೋನು ಸುತ್ತ ಉತ್ಕಂಡ, ಅಷ್ಟೆ."

ಅವಳು ಹೇಳಿದ್ದು ನಮ್ಮ ಸೀಮೆಯ ಮಟ್ಟಿಗೆ ನಿಜ. ಇಲ್ಲಿ ಎಷ್ಟು ಹೊಲ ಕೈ ಬದಲಾಗಲಿ, ಗದ್ದುಗೆಯಿರುವ ಮೂಲೆಯನ್ನು ಪತ್ರದಲ್ಲಿ ಯಾರೂ ಬರೆಯುವುದಿಲ್ಲ. ಬರೆದರೆ ಹೆತ್ತವರನ್ನು ಮಾರಿದಂತೆ. ಕೊಂಡವನು ಅಷ್ಟು ಜಾಗ ಬಿಟ್ಟು ನೇಗಿಲು ತಿರುಗಿಸುತ್ತಾನೆ, ಮಾರಿದವನ ಮಕ್ಕಳು ಬಂದು ಪೂಜೆ ಮಾಡಿ ಹೋಗುತ್ತಾರೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಸರ್ಕಾರವೂ ಹಾಗೇ ನೇಗಿಲು ತಿರುಗಿಸುತ್ತದೆ ಅಂತ ಅವಳು ನಂಬಿದ್ದಳು.

ನಾನು ನಂಬಿರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಸರ್ಕಾರದ ಪಾಲಿಗೆ ಭೂಮಿಯ ಮೇಲೇ ಇಲ್ಲ ಅಂತ ನನಗೆ ಗೊತ್ತಿತ್ತು. ಸಮಾಧಿ ಅಂತ ಒಂದು ಬರೆದಿದ್ದರೆ ಬೇರೆ ಫಾರಂ ತುಂಬಬೇಕು, ತಹಸೀಲ್ದಾರರು ಬಂದು ನೋಡಬೇಕು, ಮನೆಯವರನ್ನು ಕೂರಿಸಿ ಕೇಳಬೇಕು, ವಿಧಿಪ್ರಕಾರ ತೆಗೆದು ಬೇರೆ ಕಡೆ ಇಡಲು ಜಾಗ ಕೊಡಬೇಕು. ಮೂರು ತಿಂಗಳ ಕೆಲಸ. ಆ ತಿಂಗಳ ಕೊನೆಗೆ ಪಟ್ಟಿ ಮುಗಿಸು ಅಂತ ನನ್ನ ಮೇಲಿನವರು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಲು ಹತ್ತು ನಿಮಿಷ ಸಾಕಿತ್ತು. ಹೇಳಿದ್ದರೆ ಅವಳು ಬೈದುಕೊಂಡಾದರೂ ಬರೆಸುತ್ತಿದ್ದಳು. ನಾನು ಹೇಳಲಿಲ್ಲ. ಅವಳೇ ಬೇಡ ಅಂದಳಲ್ಲ, ನನಗೇನು ಅಂದುಕೊಂಡೆ. ಸಮಾಧಿಗಳು ಅನ್ನುವ ಕಡೆ 'ಲೇವು' ಅಂತ ಬರೆದೆ. ಇಲ್ಲ ಅನ್ನುವುದಕ್ಕೆ ತೆಲುಗಿನಲ್ಲಿ ಎರಡೇ ಅಕ್ಷರ. ಕೆಳಗೆ ಸೈನ್ ಹಾಕಿ, ಅವಳು ಕೊಟ್ಟ ಕಡಲೆಕಾಯಿ ತಿಂದು ಎದ್ದು ಬಂದೆ.

ಗೋಡೆ ಏಳುವವರೆಗೂ ಎರಡು ವರ್ಷ ಅವಳು ಅಮಾವಾಸ್ಯೆ ತಪ್ಪಿಸಲಿಲ್ಲ. ಆಮೇಲೆ ಕಲ್ಯಾಣದುರ್ಗದಲ್ಲಿ ಚಂದ್ರಕಲಾಗೆ ಹೆರಿಗೆಯಾಯಿತು. ಸರ್ವಮಂಗಳಕ್ಕ ಬಾಣಂತನಕ್ಕೆಂದು ಪಾವಗಡದ ಮೇಲೆ ಹೋಗುವ ಬಸ್ಸು ಹತ್ತಿದಳು. ಅವಳು ಅಲ್ಲಿದ್ದ ಮೂರು ತಿಂಗಳಲ್ಲೇ ಡೋಜರುಗಳು ಬಂದವು.

ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಅದರ ಮೇಲೆ ವಿಮಾನ ಇಳಿಯುವ ಹಾಗಿಲ್ಲ ಅಂತ ಎಂಜಿನಿಯರುಗಳು ತೀರ್ಮಾನಿಸಿದರು. ರನ್‌ವೇ ಉದ್ದಕ್ಕೂ, ಅದರ ಎರಡು ಬದಿಯಲ್ಲೂ, ಒಂದಾಳುದ್ದ ಕಪ್ಪು ಮಣ್ಣನ್ನು ಬಗೆದು ತೆಗೆದರು. ಕಂಟ್ರಾಕ್ಟರನಿಗೆ ಕಂಬದೂರಿನ ಹತ್ತಿರ ಒಂದು ಗುಡ್ಡದ ಲೀಸ್ ಇತ್ತು. ಅಲ್ಲಿಂದ ಟಿಪ್ಪರುಗಳಲ್ಲಿ ಕೆಂಪು ಗರಸು ತಂದು ತುಂಬಿದರು. ಮಟ್ಟ ನೋಡಿ ಹೇಳಲು ನನ್ನನ್ನೂ ನಿಲ್ಲಿಸಿದ್ದರು. ಜೋಡಿ ಹುಣಸೆಮರ ಬಿದ್ದ ದಿನ ನಾನು ಅಲ್ಲೇ ಇದ್ದೆ. ಗದ್ದುಗೆ ಕಟ್ಟೆ ಒಂದೇ ತಳ್ಳಿಗೆ ಹೋಯಿತು. ಡ್ರೈವರ್ ಬಿಹಾರದವನು, ಅವನಿಗೆ ಅದು ಕಲ್ಲಿನ ಗುಪ್ಪೆ. ಅದರ ಕೆಳಗಿನ ಮಣ್ಣನ್ನೂ, ಮಣ್ಣಿನಲ್ಲಿದ್ದುದನ್ನೂ ಟಿಪ್ಪರಿಗೆ ತುಂಬಿದರು. ಎಲ್ಲಿಗೆ ಹೋಯಿತು ಅಂತ ನಾನು ಕೇಳಲಿಲ್ಲ. ನಿಲ್ಲಿಸಿ ಅನ್ನಲೂ ಇಲ್ಲ, ಮಟ್ಟದ ಅಂಕಿ ಬರೆದುಕೊಳ್ಳುತ್ತಾ ನಿಂತೆ. ನಿಲ್ಲಿಸಿದ್ದರೆ ಪಟ್ಟಿಯಲ್ಲಿ ಯಾಕೆ ಬರೆದಿಲ್ಲ ಅಂತ ಕೇಳುತ್ತಿದ್ದರು.

ಸರ್ವಮಂಗಳಕ್ಕ ಊರಿಗೆ ಬಂದವಳು ಬ್ಯಾಗನ್ನು ಮನೆಯಲ್ಲಿಡದೆ ನೇರ ನನ್ನ ಜಗಲಿಗೆ ಬಂದಳು.

"ವೆಂಕಟರಾಯಪ್ಪ, ಅವ್ರೆಲ್ಲಿ?" ಅಂದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ, ಧ್ವನಿಯೇ ಏಳಲಿಲ್ಲ.

"ಅಲ್ಲೇ ಅವ್ರೆ ಅಕ್ಕ. ಮೇಲೆ ಮಣ್ಣು ಹಾಕವ್ರೆ, ಕೆಳಗೆ ಇದ್ದಂಗೇ ಅವ್ರೆ" ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಉಸಿರು ಬಿಟ್ಟು, "ಹೊದಿಸವ್ರೆ ಅಂತೀಯಾ. ಹಂಗಾದ್ರೆ ಸರಿ" ಅಂದಳು. ನೆಟ್ಟಗಿರೋ ಸರ್ವೇಯರ್ ಹೇಳಿದ ಮೇಲೆ ಅವಳಿಗೆ ಅನುಮಾನ ಎಲ್ಲಿಂದ ಬರಬೇಕು.

ನಿಲ್ದಾಣ ಶುರುವಾದ ವರ್ಷ ರನ್‌ವೇ ಪಕ್ಕದ ಹುಲ್ಲು ಕೊಯ್ಯಲು ಸುತ್ತಲಿನ ಊರುಗಳ ಹೆಂಗಸರನ್ನು ತೆಗೆದುಕೊಂಡರು. ಹುಲ್ಲು ಬೆಳೆದರೆ ಹಕ್ಕಿ ಬರುತ್ತವೆ, ಹಕ್ಕಿ ಬಂದರೆ ವಿಮಾನಕ್ಕೆ ಅಪಾಯ. ಅರವತ್ತೈದು ದಾಟಿದ ಸರ್ವಮಂಗಳಕ್ಕ ಕುಡುಗೋಲು ಹಿಡಿದು ಸಾಲಿನಲ್ಲಿ ನಿಂತಳು. ನಾಲ್ಕು ಜನ ಕೂಲಿಯವರಿಗೆ ಅನ್ನ ಹಾಕಿದ ಮನೆಯವಳು ಹೋಗಿ ಹೋಗಿ ಹುಲ್ಲು ಕೊಯ್ಯೋದಾ ಅಂತ ರುದ್ರೇಶ್ ಬಂದು ಜಗಳವಾಡಿದ. "ಕೂಲಿಗೆ ಹೋಯ್ತಿಲ್ಲ ಕಣ್ಲಾ, ನಮ್ಮ ಹೊಲಕ್ಕೆ ಹೋಯ್ತೀನಿ" ಅಂದಳು. ಕಂಟ್ರಾಕ್ಟರನ ಕಡೆಯವನು ವಯಸ್ಸು ಕೇಳಲಿಲ್ಲ, ಕೈ ನೋಡಿ ಪಾಸು ಕೊಟ್ಟ.

ಕೆಲಸಕ್ಕೆ ಸೇರುವ ಹಿಂದಿನ ದಿನ ಮತ್ತೆ ನನ್ನ ಜಗಲಿಗೆ ಬಂದಳು. ಮರವಿಲ್ಲ, ಬಾವಿಯಿಲ್ಲ, ಬದುವಿಲ್ಲ, ಆ ಬಯಲಲ್ಲಿ ಜಾಗ ಹುಡುಕುವುದು ಹೇಗೆ? ನಾನು ಹಳೇ ಹೊಲದ ನಕ್ಷೆಯನ್ನೂ ನಿಲ್ದಾಣದ ನಕ್ಷೆಯನ್ನೂ ಒಂದರ ಪಕ್ಕ ಒಂದಿಟ್ಟು ಅರ್ಧ ದಿನ ಲೆಕ್ಕ ಹಾಕಿದೆ. ರನ್‌ವೇ ಅಂಚಿನ ದೀಪಗಳಲ್ಲಿ ಪಶ್ಚಿಮದ ತುದಿಯಿಂದ ಒಂಬತ್ತನೇ ದೀಪ, ಅಲ್ಲಿಂದ ಗೋಡೆ ಕಡೆಗೆ ನಲವತ್ತೆರಡು ಹೆಜ್ಜೆ. ಒಂದು ಹೆಜ್ಜೆಯೂ ಆಚೀಚೆ ಇಲ್ಲ. ಏನೂ ಇಲ್ಲದ ಜಾಗಕ್ಕೆ ಅಷ್ಟು ಕರಾರುವಾಕ್ಕಾದ ಅಳತೆಯನ್ನು ನನ್ನ ಸರ್ವಿಸಿನಲ್ಲೇ ಕೊಟ್ಟಿರಲಿಲ್ಲ. ಅವಳು ಅದನ್ನು ಬಾಯಿಪಾಠ ಮಾಡಿಕೊಂಡು, "ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪ" ಅಂದು ಹೋದಳು.

ಎರಡು ವರ್ಷ ಅವಳು ಸುಖವಾಗಿದ್ದಳು ಅಂತಲೇ ಹೇಳಬೇಕು. ಅದನ್ನು ನನಗೆ ಹೇಳಿದವಳು ಪೆದ್ದಮ್ಮ, ಅವಳ ಜೊತೆ ಹುಲ್ಲು ಕೊಯ್ಯುತ್ತಿದ್ದ ಪಕ್ಕದ ಬೀದಿಯವಳು. ಒಂಬತ್ತನೇ ದೀಪದ ಸರದಿ ಬಂದರೆ ಸರ್ವಮಂಗಳಕ್ಕ ಇನ್ನೊಬ್ಬರಿಗೆ ಬಿಡುತ್ತಿರಲಿಲ್ಲವಂತೆ. ಕುಕ್ಕರುಗಾಲಲ್ಲಿ ಕೂತು ಕೊಯ್ಯುತ್ತಾ ಮೆತ್ತಗೆ ಮಾತಾಡುತ್ತಿದ್ದಳಂತೆ. ರುದ್ರೇಶನ ಅಂಗಡಿಗೆ ಗಾಳಿ ಮಿಷನ್ ಬಂತು, ಚಂದ್ರಕಲಾನ ಮಗು ತೊದಲು ಮಾತಾಡುತ್ತೆ, ಇವತ್ತಿನ ವಿಮಾನದಲ್ಲಿ ಹನ್ನೊಂದು ಜನ ಇಳಿದರು. ಎರೆ ನೆಲದಲ್ಲಿ ಹುಟ್ಟಿ ಬೆಳೆದವಳು ಕಾಲ ಕೆಳಗಿನ ಕೆಂಪು ಗರಸನ್ನು ನೋಡಲಿಲ್ಲವೇ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನೋಡಿದಳು. ಮೇಲೆ ಹೊದಿಸಿದ್ದು ಅಂದುಕೊಂಡಳು, ನಾನು ಹಾಗೆ ಹೇಳಿದ್ದೆ.

ಮೂರನೇ ವರ್ಷದ ಒಂದು ಅಮಾವಾಸ್ಯೆ, ಬೆಳಗಿನ ವಿಮಾನ ಬರುವ ಹೊತ್ತು. ಹುಲ್ಲಿನಲ್ಲಿ ಬಿಳೀ ಪುಡಿ ಇದೆ ಅಂತ ಹೊಸ ಗಾರ್ಡ್ ಒಬ್ಬ ವಾಕಿಟಾಕಿಯಲ್ಲಿ ಕೂಗಿಬಿಟ್ಟ. ಸೈರನ್ ಆಯಿತು, ಹುಲ್ಲಿನವರನ್ನೆಲ್ಲ ಒಂದು ಕಡೆ ಕೂರಿಸಿದರು, ಬರುತ್ತಿದ್ದ ವಿಮಾನ ಆಕಾಶದಲ್ಲೇ ಮುಕ್ಕಾಲು ಗಂಟೆ ಸುತ್ತು ಹೊಡೆಯಿತು. ನಾಯಿ ತಂದರು. ನಾಯಿ ಮೂಸಿ ನೋಡಿ, ಸೀನಿ, ಪಕ್ಕಕ್ಕೆ ಹೋಗಿ ಮಲಗಿತು. ಸರ್ವಮಂಗಳಕ್ಕ ಎದ್ದು ನಿಂತು, "ಅದು ಈಬೂತಿ ಕಣಪ್ಪ, ನಂದೇ" ಅಂದಳು. ಸೆರಗಿನ ಗಂಟು ಬಿಚ್ಚಿ ವಿಭೂತಿ ಉಂಡೆ ತೆಗೆದು ಎಲ್ಲರ ಮುಂದೆ ಹಣೆಗೆ ಹಚ್ಚಿಕೊಂಡಳು. ಗಾರ್ಡುಗಳಿಗೆ ಅದು ಅರ್ಥವಾಗದೇ ಏನಿರಲಿಲ್ಲ, ಅವರಲ್ಲಿ ಇಬ್ಬರು ತಾವೇ ಹಚ್ಚಿಕೊಂಡಿದ್ದರು. ಆದರೆ ಸೈರನ್ ಆಗಿಹೋಗಿತ್ತು, ಯಾರದಾದರೂ ತಪ್ಪು ಬರೆಯಲೇಬೇಕಿತ್ತು. ಸಂಜೆಯವರೆಗೂ ಕೂರಿಸಿ, ಬೆರಳಚ್ಚು ತೆಗೆದುಕೊಂಡು, ಪಾಸು ಕಿತ್ತುಕೊಂಡು ಕಳಿಸಿದರು.

ಅಲ್ಲಿಂದ ಅವಳು ಕುಗ್ಗುತ್ತಾ ಹೋದಳು. ಬಾಯಿ ನಿಂತಿತು. ಗೋಡೆಯ ಹೊರಗೆ, ಅಂದಾಜಿಗೆ ಒಂಬತ್ತನೇ ದೀಪದ ನೇರಕ್ಕೆ, ಒಂದು ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದಳು. ಗೋಡೆಗೆ ಬೆನ್ನು ಕೊಟ್ಟು ಕೂತರೂ ಮಾತಾಡುತ್ತಿರಲಿಲ್ಲ. ಇಷ್ಟು ದೂರದಿಂದ ಕೇಳಿಸಲ್ಲ ಅನ್ನುತ್ತಿದ್ದಳು. ಒಂದು ದಿನ ನಾನು ಹಾದುಹೋಗುವಾಗ ಕರೆದಳು.

"ಎರಡು ಹೆಜ್ಜೆ ಜಾಗ ನಂಗೆ ಸಿಕ್ಕಲ್ಲ, ಗೊತ್ತಾಯ್ತು. ಒಂದು ಹಿಡಿ ಮಣ್ಣಾದ್ರೂ ತಂದು ಹಾಕ್ಸಪ್ಪ. ಅಷ್ಟು ನಿನ್ ಕೈಲಾಯ್ತದೆ. ನೀನು ಗೌರ್ಮೆಂಟ್ನೋನು."

"ಆಗಲಿ ಅಕ್ಕ" ಅಂದೆ.

ಈ ವರ್ಷ ಶಿವರಾತ್ರಿ ಕಳೆದ ನಾಲ್ಕನೇ ದಿನ ಬೆಳಗಿನ ಜಾವ ಅವಳು ಹೋದಳು. ಊರಾಚೆಯ ಪಂಚಾಯಿತಿ ಜಾಗದಲ್ಲಿ ಗುಂಡಿ ತೋಡಲು ಆಳು ಕಳಿಸಿ, ನಾನು, ರುದ್ರೇಶ್, ಮೊದಲ ಬಸ್ಸಿಗೆ ಬಂದಿಳಿದಿದ್ದ ಚಂದ್ರಕಲಾ, ಮೂವರೂ ನಿಲ್ದಾಣದ ಮ್ಯಾನೇಜರ್ ಹತ್ತಿರ ಹೋದೆವು. ಕೇಳಿದ್ದು ಒಂದು ಹಿಡಿ ಮಣ್ಣು. ಮ್ಯಾನೇಜರ್ ಒಳ್ಳೆಯ ಹುಡುಗ, ಕಡಪದ ಕಡೆಯವನು. ಕೂರಿಸಿದ, ನೀರು ಕೊಡಿಸಿದ, ಎಲ್ಲ ಕೇಳಿಸಿಕೊಂಡ.

"ಸಮಾಧಿ ಇತ್ತು ಅಂತ ರೆಕಾರ್ಡ್‌ನಲ್ಲಿದ್ದರೆ ನಾನೇ ಒಬ್ಬರನ್ನು ಕಳಿಸಿ ತರಿಸಿಕೊಡ್ತೀನಿ" ಅಂತ ತೆಲುಗಿನಲ್ಲಿ ಹೇಳಿ ಕಂಪ್ಯೂಟರ್ ಕಡೆ ತಿರುಗಿದ. ಸರ್ವೇ ನಂಬರ್ ಒತ್ತಿದ. ಸ್ಕ್ಯಾನ್ ಮಾಡಿಟ್ಟ ಹಳೇ ಪಟ್ಟಿ ಬಂತು. ಅದನ್ನು ನಮ್ಮ ಕಡೆಗೆ ತಿರುಗಿಸಿದ.

ಹುಣಸೆ ಎರಡು, ಬೇವು ಒಂದು, ಬಾವಿ ಒಂದು, ತಿಪ್ಪೆಗುಂಡಿ ಒಂದು, ಸಮಾಧಿಗಳು ಲೇವು. ಕೆಳಗೆ ನನ್ನ ಸೈನು. ಆಗ ನನ್ನ ಅಕ್ಷರ ಮುತ್ತಿನಂತಿತ್ತು. ಚಂದ್ರಕಲಾ ಎರಡು ಸಲ ಓದಿಕೊಂಡಳು. ಅವಳು ಮಾತು ಬಂದಾಗಿನಿಂದ ನನ್ನನ್ನು ಮಾವ ಅಂತ ಕರೆದವಳು.

"ಮಾವ, ಇದು ನಿಮ್ ಕೈಬರಹಾನೇ ಅಲ್ವಾ?"

"ನಿಮ್ಮಮ್ಮನೇ ಬರೀಬೇಡ ಅಂದ್ಲು ಕಣಮ್ಮ" ಅಂದೆ.

"ಅಮ್ಮ ಓದಿದೋಳಲ್ಲ" ಅಂದಳು ಚಂದ್ರಕಲಾ. "ನೀವು ಓದಿದ್ರಿ."

ಮ್ಯಾನೇಜರ್ ತನಗೆ ಅಧಿಕಾರವಿಲ್ಲ ಅಂತ ಕೈಮುಗಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಬರಹವನ್ನು ಅವನು ನಂಬಿದ, ಅಷ್ಟೇ.

ಮಧ್ಯಾಹ್ನ ಅಯ್ಯನವರು ಬಂದರು. ಸರ್ವಮಂಗಳಕ್ಕನನ್ನು ಗುಂಡಿಯಲ್ಲಿ ಕೂರಿಸಿದರು. ಲಿಂಗವನ್ನು ಅಂಗೈಗಿಟ್ಟರು, ವಿಭೂತಿ ಉಂಡೆಗಳನ್ನೂ ಪತ್ರೆಯನ್ನೂ ತುಂಬಿದರು. ಎಲ್ಲ ಆಯಿತು, ಆ ಒಂದು ಹಿಡಿ ಉಳಿಯಿತು. ಗುದ್ದಲಿ ಹಿಡಿದವರು ಕಾಯುತ್ತಾ ನಿಂತರು. ಏನು ಮಾಡೋಣಪ್ಪ ಅಂತ ಅಯ್ಯನವರು ರುದ್ರೇಶನ ಮುಖ ನೋಡಿದರು.

ಅಷ್ಟರಲ್ಲಿ ಪೆದ್ದಮ್ಮ ಓಡುತ್ತಾ ಬಂದಳು. ಅರ್ಧ ದಿನದ ಕೆಲಸ ಮುಗಿಸಿ ಬಂದವಳ ಕೊರಳಲ್ಲಿ ಪಾಸು ಹಾಗೇ ಇತ್ತು. ಬುತ್ತಿಯ ಡಬ್ಬಿ ಮುಂದೆ ಹಿಡಿದಳು. "ಒಂಬತ್ತನೇ ದೀಪ, ನಲವತ್ತೆರಡು ಹೆಜ್ಜೆ. ಅಕ್ಕ ನಂಗೆ ಹೇಳ್ಕೊಟ್ಟಿದ್ಲು. ಗೇಟ್ನಾಗೆ ಡಬ್ಬಿ ಬಿಚ್ಸಿದ್ರೆ ನನ್ ಕೆಲ್ಸಾನೂ ಹೋಯ್ತಿತ್ತು" ಅಂದಳು.

ರುದ್ರೇಶ್ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಕೆಂಪು ಗರಸು, ನಡುನಡುವೆ ಬಿಳೀ ನೊರಜುಕಲ್ಲು. ಅವನು ಆ ಎರೆ ಹೊಲದಲ್ಲಿ ಇಪ್ಪತ್ತು ವರ್ಷ ಉತ್ತವನು. ಡಬ್ಬಿ ಹಿಡಿದುಕೊಂಡೇ ನನ್ನ ಕಡೆ ನೋಡಿದ.

"ಮಾವ, ಇದು ನಮ್ ಹೊಲದ್ದಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಪೆದ್ದಮ್ಮನೂ ನೋಡುತ್ತಿದ್ದಳು. ಗುಂಡಿಯಲ್ಲಿ ಸರ್ವಮಂಗಳಕ್ಕ ಕೂತಿದ್ದಳು. ಇದ್ದುದನ್ನು ಇಲ್ಲ ಅಂತ ಒಂದು ಸಲ ಬರೆದಿದ್ದೆ. ಈಗ ಬಾಯಿಬಿಟ್ಟು ನಿಜ ಹೇಳುವುದಿದ್ದರೆ, ನಿಮ್ಮಪ್ಪ ಅಲ್ಲಿಲ್ಲ, ನಾನು ನಿಂತು ನೋಡುತ್ತಿದ್ದಾಗ ಅವರನ್ನು ಟಿಪ್ಪರಿಗೆ ತುಂಬಿ ಸಾಗಿಸಿದರು ಅಂತ ಎಲ್ಲ ಹೇಳಬೇಕಿತ್ತು.

"ಹೂಂ ಕಣಪ್ಪ. ನಿಮ್ ಹೊಲದ್ದೇ" ಅಂದೆ.

ಚಂದ್ರಕಲಾ ಡಬ್ಬಿಗೆ ಕೈಹಾಕಿ ಒಂದು ಚಿಟಿಕೆ ತೆಗೆದಳು. ಅವಳ ಗಂಡನ ಮನೆಯವರ ಹೊಲವಿರುವುದು ಕಂಬದೂರಿನಲ್ಲಿ. ಅಲ್ಲಿನ ಗುಡ್ಡದ ಗರಸನ್ನು ಅವಳು ಹದಿನೆಂಟು ವರ್ಷದಿಂದ ಅಂಗಳಕ್ಕೆ ಹಾಕಿಸಿ ತುಳಿದು ಗುಡಿಸಿದವಳು. ಬೆರಳಲ್ಲಿ ಉಜ್ಜಿದಳು, ನೊರಜುಕಲ್ಲೊಂದನ್ನು ಆಯ್ದು ಅಂಗೈಯಲ್ಲಿಟ್ಟು ನೋಡಿದಳು. ನನ್ನ ಕಡೆ ನೋಡಲಿಲ್ಲ.

"ಮಾವ ಬರ್ದಂಗೇ ಆಗ್ಲಿ ಬಿಡಣ್ಣ" ಅಂದಳು. "ಹಾಕು."